ಗ್ರಹಣದ ಮಾರನೆಯ ದಿನ

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ಸೆಪ್ಟೆಂಬರ್ 21ರ ಗುರುವಾರ ಗಣಪತಿ ಹಾಲು ಕುಡಿದ. ಮೂರೂ ಎರಡು ತಿಂಗಳೊಳಗೆ ನಡೆದದ್ದು ಕಾಕತಾಳೀಯವೇ ಸರಿ. ಆದರೆ ಮೂವತ್ತು ವರ್ಷದ ಜಮಾಖರ್ಚು ಬರೆಯಲು ಕೂತವರಿಗೆ ಇದಕ್ಕಿಂತ ಒಳ್ಳೆಯ ಆರಂಭದ ಶಿಲ್ಕು ಸಿಗುವುದಿಲ್ಲ.

ಆ ಗುರುವಾರ ಬೆಳಕು ಹರಿಯುವ ಮುನ್ನ ದಿಲ್ಲಿಯ ದಕ್ಷಿಣ ಭಾಗದ ದೇವಸ್ಥಾನವೊಂದರಲ್ಲಿ ಸೊಂಡಿಲಿಗೆ ಹಿಡಿದ ಚಮಚದ ಹಾಲು ಮಾಯವಾಯಿತೆಂಬ ಸುದ್ದಿ ಹುಟ್ಟಿತು. ಮಧ್ಯಾಹ್ನದೊಳಗೆ ಅದು ದೇಶದ ಉದ್ದಗಲಕ್ಕೂ ಹಬ್ಬಿ, ಹೊತ್ತು ಮುಳುಗುವುದರೊಳಗೆ ಲಂಡನ್ನಿನ ಸೌತಾಲ್ ತಲುಪಿತ್ತು. ವಾಟ್ಸ್ಆ್ಯಪ್ ಇರಲಿಲ್ಲ, ಕೈಯಲ್ಲಿ ಫೋನಿರಲಿಲ್ಲ. ಇದ್ದದ್ದು ಎಸ್‌ಟಿಡಿ ಬೂತು, ಪಕ್ಕದ ಮನೆಯ ಲ್ಯಾಂಡ್‌ಲೈನು, ಕೇಬಲ್ ಟೀವಿ. ಸುಳ್ಳು ಓಡುವುದಕ್ಕೆ ಹೊಸ ಯಂತ್ರವೇ ಬೇಕು ಎನ್ನುವವರು ಆ ಒಂದು ದಿನವನ್ನು ನೆನೆಸಿಕೊಂಡರೆ ಸಾಕು.

ಅದೇ ದಿನ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಜ್ಞಾನಿಗಳು ದೇವಸ್ಥಾನಕ್ಕೆ ಹೋಗಿ ಮಾಡಿದ ಕೆಲಸ ಈಗಲೂ ಪಾಠ ಮಾಡುವಂಥದ್ದು. ಹಾಲಿಗೆ ಬಣ್ಣ ಬೆರೆಸಿದರು. ಚಮಚವನ್ನು ಸೊಂಡಿಲಿಗೆ ತಾಗಿಸಿದಾಗ ಮೇಲ್ಮೈ ಎಳೆತಕ್ಕೆ ಹಾಲು ಮೇಲೇರಿ ಚಮಚದ ಅಂಚು ದಾಟಿತು. ಆಮೇಲೆ ಒದ್ದೆ ಕಲ್ಲಿನ ಮೇಲೆ ತೆಳ್ಳಗೆ ಹರಡಿ ಕೆಳಕ್ಕೆ ಜಾರಿತು. ಬಿಳಿಯ ಅಮೃತಶಿಲೆಯ ಮೇಲೆ ಬಿಳಿ ಹಾಲು ಹರಿದರೆ ಯಾರ ಕಣ್ಣಿಗೆ ಕಾಣಬೇಕು? ಬಣ್ಣ ಬೆರೆಸಿದ್ದೇ ತಡ, ಮೂರ್ತಿಯ ಎದೆಯ ಮೇಲೆಲ್ಲ ಗೆರೆ ಮೂಡಿತು. ವಿವರಣೆ ಸಿಕ್ಕ ಮೇಲೂ ಸಾಲು ಕರಗಲಿಲ್ಲ. ಅದು ತಂತಾನೇ ಕರಗಿದ್ದು ಹಾಲು ಮುಗಿದು, ಜನಕ್ಕೆ ಸುಸ್ತಾದ ಮೇಲೆ.

ಆ ಸಾಲಿನಲ್ಲಿ ನಿಂತವರನ್ನು ಮೂಢರೆಂದು ನಕ್ಕು ಮುಂದೆ ಹೋಗುವುದು ಸುಲಭ. ನಮ್ಮ ವಾದ ಸ್ವಲ್ಪ ಬೇರೆ. ಅವರು ಕೇಳಿದ್ದನ್ನು ಸುಮ್ಮನೆ ನಂಬಲಿಲ್ಲ. ಮನೆಯಿಂದ ಹಾಲು, ಚಮಚ ತಂದು, ಗಂಟೆಗಟ್ಟಲೆ ನಿಂತು, ತಾವೇ ಮಾಡಿ ನೋಡಿದರು. ಕಣ್ಣಾರೆ ಕಂಡದ್ದನ್ನೇ ಹೇಳಿದರು. ಅವರ ಪ್ರಯೋಗದಲ್ಲಿ ಕೊರತೆಯಿದ್ದದ್ದು ಒಂದೇ ಹೆಜ್ಜೆಯದು. ಅದೇ ಚಮಚವನ್ನು ಹಿತ್ತಿಲ ಒಗೆಯುವ ಕಲ್ಲಿಗೆ, ದೇವಸ್ಥಾನದ ಕಂಬಕ್ಕೆ ಹಿಡಿದು ನೋಡಿದವರು ವಿರಳ. ದೇವರಲ್ಲದ ಕಲ್ಲೂ ಕುಡಿಯುತ್ತದೆಯೇ ಎಂಬ ಪ್ರಶ್ನೆ ಕೇಳುವುದಕ್ಕೆ ಭೌತಶಾಸ್ತ್ರ ಓದಿರಬೇಕಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಬಿಟ್ಟಿರಬೇಕು. ಈ ಮೂವತ್ತು ವರ್ಷದಲ್ಲಿ ನಮಗೆ ಮಾಹಿತಿ ಎಷ್ಟು ಸಿಕ್ಕಿತು ಎಂಬ ಲೆಕ್ಕವನ್ನು ಬೇರೆಯವರು ಹಾಕಲಿ. ನಾವು ಹಾಕಹೊರಟಿರುವುದು ಆ ಇನ್ನೊಂದು ಹೆಜ್ಜೆಯ ಲೆಕ್ಕ.

ಅದಕ್ಕೂ ಹಿಂದಿನ ಬಾಕಿಯೊಂದಿದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಸಿಗಲಿಲ್ಲ. ಸಮಿತಿ ಪಾಂಡವಪುರಕ್ಕೆ ಹೋಗಿ, ಕೈಯಿಂದ ವಿಭೂತಿ ಉದುರಿಸುತ್ತಿದ್ದ ಬಾಲಕನೊಬ್ಬನನ್ನು ನೋಡಿತು. ವಿಭೂತಿ ಬರುತ್ತಿದ್ದದ್ದು ಅವನ ಬಟ್ಟೆಯೊಳಗಿಂದ. 1977ರಲ್ಲಿ ಎಚ್ಚೆನ್ ಅಧಿಕಾರ ಬಿಟ್ಟರು, ಸಮಿತಿಯೂ ಬರಖಾಸ್ತಾಯಿತು. ಅಷ್ಟರಲ್ಲಿ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾಗಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯವೆಂದು 51ಎ ವಿಧಿಯಲ್ಲಿ ಸೇರಿಹೋಗಿತ್ತು. ಕರ್ತವ್ಯ ಬಂತು, ಅದನ್ನು ಮಾಡಹೊರಟ ಸಮಿತಿ ಹೋಯಿತು.

ಎಚ್ಚೆನ್ ಬಿಟ್ಟುಹೋದದ್ದು ಏನು ಎಂದು ಕೇಳಿದರೆ ಎಲ್ಲರೂ ಅವರ ಧೈರ್ಯವನ್ನು ಹೇಳುತ್ತಾರೆ. ಧೈರ್ಯ ಅವರದ್ದು, ಅದು ಅವರ ಜೊತೆಗೇ ಹೋಯಿತು. ಉಳಿದದ್ದು 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರ ವಾರ ಒಬ್ಬರು ಬಂದು ಮಾತಾಡುವುದು, ಮುಗಿದ ಮೇಲೆ ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳುವುದು. ಅಲ್ಲಿ ಎದ್ದು ನಿಂತ ಪಿಯುಸಿ ಹುಡುಗನ ಪ್ರಶ್ನೆಗೆ ದೊಡ್ಡ ದೊಡ್ಡ ಪ್ರೊಫೆಸರುಗಳೂ ಉತ್ತರ ಕೊಡಲೇಬೇಕಿತ್ತು. ಪ್ರಶ್ನೆ ಕೇಳುವುದು ಒಬ್ಬ ವ್ಯಕ್ತಿಯ ಗುಂಡಿಗೆಯ ಮೇಲೆ ನಿಲ್ಲದೆ, ಆ ಜಾಗದ ರೂಢಿಯೇ ಆಗಿಬಿಟ್ಟಿತ್ತು. ಮುಂದೆ ಆನ್‌ಲೈನ್ ಬಳಗಗಳು ಹುಟ್ಟಿದಾಗ ನಾವು ಹುಡುಕಬೇಕಿದ್ದದ್ದು ಇಂಥ ಜಾಗಗಳನ್ನು.

ಹುಡುಕಲಿಲ್ಲ ಎನ್ನುವುದಕ್ಕಿಂತ, ನಮ್ಮ ಗಮನ ಬೇರೆ ಕಡೆ ಇತ್ತು. ತೊಂಬತ್ತರ ದಶಕದ ಕೊನೆಯಿಂದ ಹದಿನೈದು ವರ್ಷ ಕನ್ನಡದ ತಂತ್ರಜ್ಞಾನ ಚರ್ಚೆಯೆಂದರೆ ಅಕ್ಷರದ ಚರ್ಚೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಬರಹ, ನುಡಿ, ಯುನಿಕೋಡ್, ಒತ್ತಕ್ಷರ ಒಡೆಯುವುದು, ಅರ್ಕಾವತ್ತು ಎತ್ತಲೋ ಹಾರುವುದು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೂ ತಂತ್ರಾಂಶಕ್ಕಾಗಿ ದನಿಯೆತ್ತಿದರು. ಆ ಹೋರಾಟ ಗೆದ್ದೆವು. ಇವತ್ತು ಹೂ ಮಾರುವವರೂ ಪ್ರೊಫೆಸರೂ ಒಂದೇ ಕನ್ನಡವನ್ನು ಒಂದೇ ಬಗೆಯ ಫೋನಿನಲ್ಲಿ ಕುಟ್ಟುತ್ತಾರೆ. ಅದರ ಮೇಲೆ ಇನ್ನೊಂದು ಮಾತು ಬರೆಯುವ ಅಗತ್ಯವಿಲ್ಲ, ಒಂದನ್ನು ಬಿಟ್ಟು: ಅಕ್ಷರ ಬಂದರೆ ವಿಚಾರವೂ ಹಿಂದೆಯೇ ಬರುತ್ತದೆ ಎಂದು ಅಂದುಕೊಂಡಿದ್ದೆವು. ಅಕ್ಷರದ ಹಿಂದೆ ಮೊದಲು ಬಂದದ್ದು ಫಾರ್ವರ್ಡು.

ಆ ವರ್ಷಗಳಲ್ಲೇ ಸದ್ದಿಲ್ಲದೆ ಕೆಲವು ಒಳ್ಳೆಯ ಜಾಗಗಳೂ ಹುಟ್ಟಿದ್ದವು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಸೇರುವ ಪುಟಕ್ಕೆ ಅರಳಿ ಕಟ್ಟೆ ಎಂದು ಹೆಸರಿದೆ. ಪ್ರತಿ ಲೇಖನಕ್ಕೂ ಒಂದು ಚರ್ಚೆಯ ಪುಟ. ಅಲ್ಲಿ ಯಾರಾದರೂ ಬಂದು ಇದಕ್ಕೆ ಆಧಾರವೇನು ಎಂದು ಕೇಳಿದರೆ ಕೇಳಿದವರು ಜಗಳಗಂಟರಾಗುವುದಿಲ್ಲ. ಕೇಳುವುದು ಅಲ್ಲಿಯ ನಿಯಮ. ಲೇಖನಗಳ ಸಂಖ್ಯೆ ಮೂವತ್ತು ಸಾವಿರ ದಾಟಿದೆ. ಆರು ಕೋಟಿಗೂ ಮೀರಿದ ಜನರ ರಾಜ್ಯಕ್ಕೆ ಇದು ಬಡಪಾಯಿ ಸಂಖ್ಯೆ, ಅದನ್ನು ನಿಯಮಿತವಾಗಿ ತಿದ್ದುವವರದು ಅದಕ್ಕಿಂತಲೂ ಬಡಪಾಯಿ. ನಾಗೇಶ ಹೆಗಡೆಯವರ ವಿಜ್ಞಾನ ಅಂಕಣ, ಟಿ.ಜಿ. ಶ್ರೀನಿಧಿಯವರ ಇಜ್ಞಾನ, ಕೊಳ್ಳೇಗಾಲ ಶರ್ಮರ ಜಾಣಸುದ್ದಿ, ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ, ಇವೆಲ್ಲ ಓದುಗರನ್ನೂ ಕೇಳುಗರನ್ನೂ ಬೆಳೆಸಿದವು. ಅವರು ಅಲ್ಪಸಂಖ್ಯಾತರು ಎಂಬ ಮಾತು ಬೇರೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಪುಕ್ಕಟೆಯಾಯಿತು. ಆಮೇಲಿನ ಕತೆಯನ್ನು ಇಸವಿಗಳೇ ಹೇಳುತ್ತವೆ. ಆ ನವೆಂಬರಿನಲ್ಲಿ ಹೊಸ ಎರಡು ಸಾವಿರದ ನೋಟಿನೊಳಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಚಿಪ್ ಇದೆಯೆಂದು ಟೀವಿ ಸ್ಟುಡಿಯೋಗಳಲ್ಲೇ ನಿಂತು ಹೇಳಿದರು. ಬ್ಯಾಟರಿಯಿಲ್ಲದ ಕಾಗದ ನೆಲದಡಿಯಿಂದ ಉಪಗ್ರಹದ ಜೊತೆ ಹೇಗೆ ಮಾತಾಡುತ್ತದೆಂದು ಎಂಜಿನಿಯರುಗಳೇ ತುಂಬಿದ ಬೆಂಗಳೂರಿನಲ್ಲಿ ಎಷ್ಟು ಗುಂಪುಗಳಲ್ಲಿ ಪ್ರಶ್ನೆ ಎದ್ದಿತು? 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಆ ದಿನಗಳಲ್ಲಿ ದೇಶವಿಡೀ ಓಡಾಡಿದ ವಿಡಿಯೋದಲ್ಲಿ ಬೈಕಿನವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯ ಕೆಲವು ಸೆಕೆಂಡು ಕತ್ತರಿಸಿದ್ದೇ ಸಾಕಾಯಿತು.

ವಾಟ್ಸ್ಆ್ಯಪ್ ಆ ತಿಂಗಳೇ ಭಾರತದಲ್ಲಿ ಒಂದು ಸಂದೇಶವನ್ನು ಐದೇ ಕಡೆ ಕಳಿಸಬಹುದೆಂಬ ಕಟ್ಟು ಹಾಕಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಎಂದಿತು. ಒಳ್ಳೆಯದೇ. ಹಿಂದೆ ತಿರುಪತಿ ತಿಮ್ಮಪ್ಪನ ಹೆಸರಿನ ಕಾರ್ಡು ಬರುತ್ತಿತ್ತಲ್ಲ, ಇಷ್ಟು ಜನಕ್ಕೆ ಬರೆದು ಕಳಿಸದಿದ್ದರೆ ಮನೆಯಲ್ಲಿ ಕೆಡುಕಾಗುತ್ತದೆ ಎಂದು, ಅದನ್ನು ಬರೆಯುವವರಿಗೆ ಕೈನೋವು ಎಂಬ ಕಟ್ಟಾದರೂ ಇತ್ತು. ಆದರೆ ವೇಗ ತಗ್ಗಿಸುವುದು ಬೇರೆ, ವಿಚಾರ ಮಾಡಿಸುವುದು ಬೇರೆ. ತೊಂಬತ್ತರ ದಶಕದಲ್ಲಿ ಬಾಗಿಲ ಬಾಗಿಲಿಗೂ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಸಿದ ದೆವ್ವ ಬೀದಿಯಿಂದ ಬೀದಿಗೆ ನಡೆದುಕೊಂಡೇ ಹೋಯಿತು.

ಪ್ರಶ್ನೆ ಏಕೆ ಏಳುವುದಿಲ್ಲ ಎಂಬುದಕ್ಕೆ ಯಾರ ಮನೆಯ ಗುಂಪನ್ನಾದರೂ ತೆರೆದು ನೋಡಬಹುದು. ಬೆಳಿಗ್ಗೆ ದೊಡ್ಡಪ್ಪ ಒಂದು ಸಂದೇಶ ಹಾಕುತ್ತಾರೆ: ಇಂತಿಂಥ ಎಲೆಯ ಕಷಾಯ ಹದಿನೈದು ದಿನ ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ, ವೈದ್ಯರು ಇದನ್ನು ಮುಚ್ಚಿಟ್ಟಿದ್ದಾರೆ. ಚಿಕ್ಕಮ್ಮ ಕೈಮುಗಿಯುತ್ತಾರೆ. ಬಾವ ಹೆಬ್ಬೆರಳು ಎತ್ತುತ್ತಾರೆ. ಎಂಬಿಬಿಎಸ್ ಓದುತ್ತಿರುವ ಮಗಳು ಏನೋ ಟೈಪ್ ಮಾಡುತ್ತಾಳೆ, ಅಳಿಸುತ್ತಾಳೆ. ಕೊನೆಗೆ ಧೈರ್ಯ ಮಾಡಿ, "ದೊಡ್ಡಪ್ಪ, ಇದಕ್ಕೆ ಆಧಾರ ಇಲ್ಲ, ಮಾತ್ರೆ ಮಾತ್ರ ಬಿಡಬೇಡಿ" ಎಂದು ಹಾಕಿದರೆ ಅರ್ಧ ಗಂಟೆ ಯಾರೂ ಉಸಿರೆತ್ತುವುದಿಲ್ಲ. ಆಮೇಲೆ ಅಮ್ಮನ ಫೋನು ಬರುತ್ತದೆ: "ದೊಡ್ಡೋರಿಗೆ ಹಂಗೆಲ್ಲ ಎದುರು ಹೇಳ್ತಾರೇನೇ? ಅವರೇನು ನಿನ್ನನ್ನ ಕೇಳಿದ್ರಾ?" ಅಲ್ಲಿಗೆ ಔಷಧದ ವಿಷಯ ಮುಗಿಯಿತು, ಮರ್ಯಾದೆಯ ವಿಷಯ ಶುರುವಾಯಿತು.

ಇದನ್ನು ತಂತ್ರಜ್ಞಾನದ ದೋಷ ಎನ್ನಲಾಗದು. ಕುಟುಂಬದ ಗುಂಪು ಸುದ್ದಿ ಹಂಚುವುದಕ್ಕಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಇದ್ದೇವೆಂದು ಹೇಳಿಕೊಳ್ಳುವುದಕ್ಕೆ ಇರುವಂಥದ್ದು. ದೊಡ್ಡಪ್ಪ ಕಷಾಯ ಕಳಿಸಿದ್ದು ನಿಮ್ಮೆಲ್ಲರ ಯೋಚನೆ ನನಗಿದೆ ಎಂದು ಹೇಳಲಿಕ್ಕೆ. ಅದನ್ನು ಸುಳ್ಳೆಂದವರು ಆ ಅಕ್ಕರೆಯನ್ನೇ ಸುಳ್ಳೆಂದ ಹಾಗೆ ಅವರಿಗೆ ಕೇಳಿಸುತ್ತದೆ. ನೆಂಟರಿಷ್ಟರು, ಊರವರು, ಜಾತಿಯವರು, ಅಪಾರ್ಟ್‌ಮೆಂಟಿನವರು ಎಂದು ಇರುವ ಬಾಂಧವ್ಯದ ಮೇಲೆಯೇ ನಮ್ಮ ಆನ್‌ಲೈನ್ ಬಳಗಗಳೆಲ್ಲ ಎದ್ದವು. ಅಲ್ಲಿ ಒಪ್ಪಿಗೆಯೇ ಸೌಜನ್ಯ. ಕೊಲೆಗೆ ತಿರುಗುವ ವದಂತಿಯೂ ಕಷಾಯದ ಸಂದೇಶವೂ ಹೊರಡುವುದು ಇದೇ ಬಾಗಿಲಿನಿಂದ.

2019ರ ಡಿಸೆಂಬರ್ 26ರ ಬೆಳಿಗ್ಗೆಯ ಕಂಕಣ ಸೂರ್ಯಗ್ರಹಣ ಈ ಇಡೀ ಅವಧಿಯನ್ನು ಒಂದೇ ದಿನದಲ್ಲಿ ತೋರಿಸಿಕೊಟ್ಟಿತು. ಮಂಗಳೂರು, ಕೊಡಗು ಗ್ರಹಣದ ದಾರಿಯಲ್ಲೇ ಇದ್ದವು; ಕೊಡಗಿನ ಕುಟ್ಟದಲ್ಲಿ ದೂರದರ್ಶಕ ಹೊತ್ತು ಬಂದ ಹವ್ಯಾಸಿಗಳು ಸೂರ್ಯನ ಬಳೆ ನೋಡಿ ಕುಣಿದರು. ಅದೇ ಹೊತ್ತಿಗೆ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೆತ್ತವರು ಕ್ರೂರಿಗಳಲ್ಲ, ದಿಕ್ಕು ಕಾಣದವರು. ಅವರ ಕೈಗೆ ಸಿಗದ ಫಿಸಿಯೋಥೆರಪಿಯ ಬಗ್ಗೆ ಬರೆಯದೆ ಮಣ್ಣಿನ ಬಗ್ಗೆ ಮಾತ್ರ ಬರೆದ ಪತ್ರಿಕೆಗಳಿಗೂ ಈ ಲೆಕ್ಕದಲ್ಲಿ ಪಾಲಿದೆ. ಟೀವಿಯಲ್ಲಿ ಬೆಳಗಿನಿಂದ ಜ್ಯೋತಿಷಿಗಳ ಸಾಲು. ಖಗೋಳ ವಿಜ್ಞಾನಿಗೆ ಮೂಲೆಯ ಚೌಕ.

ಇನ್ನು ಒನಕೆ. ಗ್ರಹಣದ ಹೊತ್ತಿಗೆ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ನಡುವೆ ಒನಕೆ ನೆಟ್ಟಗೆ ನಿಲ್ಲಿಸಿ, ಅದು ಬೀಳದೆ ನಿಂತದ್ದನ್ನು ಫೋನಿನಲ್ಲಿ ಹಿಡಿದು ಕಳಿಸುವುದು ಆ ದಿನ ಊರೂರಲ್ಲಿ ನಡೆಯಿತು. ಗ್ರಹಣ ಬಿಟ್ಟ ಕೂಡಲೇ ತಂತಾನೇ ಬೀಳುತ್ತದೆಂದು ವಿವರಣೆ. ಒನಕೆ ನಿಲ್ಲುವುದು ನಿಜ, ವಿಡಿಯೋ ಸುಳ್ಳಲ್ಲ. ಬುಡಕ್ಕೆ ಕಬ್ಬಿಣದ ಬಳೆ ಹಾಕಿ, ಕುಟ್ಟಿ ಕುಟ್ಟಿ ಚಪ್ಪಟೆಯಾದ ಒನಕೆಯ ಭಾರದ ನೇರ ಆ ಬುಡದೊಳಗೇ ಬೀಳುವಂತೆ ನಿಧಾನವಾಗಿ ಕೈಬಿಟ್ಟರೆ ಅಮಾವಾಸ್ಯೆಗೂ ನಿಲ್ಲುತ್ತದೆ, ಯುಗಾದಿಗೂ ನಿಲ್ಲುತ್ತದೆ, ತಟ್ಟೆಯಲ್ಲಿ ನೀರಿರಲಿ ಇಲ್ಲದಿರಲಿ. ಗಾಳಿ ಬೀಸಿದರೆ, ಬೆಕ್ಕು ತಾಗಿದರೆ ಬೀಳುತ್ತದೆ, ಗ್ರಹಣವಿದ್ದರೂ. ತಿಳಿಯಲು ಬೇಕಾದ ಖರ್ಚು ಸೊನ್ನೆ. ಗ್ರಹಣದ ದಿನ ಒನಕೆ ನಿಲ್ಲಿಸಿದ ಮನೆಯಲ್ಲೇ ಮಾರನೆಯ ದಿನವೂ ಅದೇ ಒನಕೆ, ಅದೇ ತಟ್ಟೆ ಇರುತ್ತದೆ. ಆರು ತಿಂಗಳ ಬಳಿಕ, 2020ರ ಜೂನ್ 21ರ ಗ್ರಹಣಕ್ಕೆ ಒನಕೆ ಮತ್ತೆ ನಿಂತು ಮತ್ತೆ ಫಾರ್ವರ್ಡ್ ಆಯಿತು. ನಡುವಿನ ದಿನಗಳಲ್ಲಿ ಅದು ಸುಮ್ಮನೆ ಮೂಲೆಗೆ ಒರಗಿತ್ತು.

ಇಲ್ಲಿ ವಿಚಾರವಾದಿ ಗೆಳೆಯರ ಲೆಕ್ಕವನ್ನೂ ನೋಡಬೇಕು. ಗ್ರಹಣದ ಹೊತ್ತಿಗೆ ಬೆಂಗಳೂರಿನ ಪುರಭವನದ ಮುಂದೆ ಕೂತು ತಿಂಡಿ ತಿಂದು ತೋರಿಸುವುದು ಒಳ್ಳೆಯ ಪ್ರದರ್ಶನ. ದಾಭೋಲ್ಕರ್, ಕಲಬುರ್ಗಿ, ಗೌರಿ ಕೊಲೆಯಾದ ಮೇಲೆ ಬೀದಿಯಲ್ಲಿ ಕೂತು ಅಷ್ಟು ಮಾಡುವುದಕ್ಕೂ ಎದೆ ಬೇಕು. ಆದರೆ ಅವರ ಆನ್‌ಲೈನ್ ಗುಂಪುಗಳೂ ಬರಬರುತ್ತ ಇನ್ನೊಂದು ಕುಟುಂಬದ ಗುಂಪಾಗಿವೆ. ಒನಕೆ ನಿಲ್ಲಿಸಿದವರ ಚಿತ್ರ ಹಾಕಿ ನಗುವುದು, ನಮ್ಮವರೇ ಸೇರಿ ನಮ್ಮವರಿಗೇ ಚಪ್ಪಾಳೆ ತಟ್ಟುವುದು. ನಗೆಗೆ ಗುರಿಯಾದವರು ಪ್ರಯೋಗ ಮಾಡಿ ನೋಡಿದ ಉದಾಹರಣೆ ನಮಗೆ ಕಂಡಿಲ್ಲ. ನಾಸಾ ಹೇಳಿದೆ ಎಂದು ಅವರು ಕಳಿಸಿದರೆ, ನಾಸಾ ಹೇಳಿಲ್ಲ ಎಂದು ಇವರು ಕಳಿಸುತ್ತಾರೆ. ನಾಸಾಕ್ಕೆ ಹೇಗೆ ಗೊತ್ತಾಯಿತು ಎಂದು ಇಬ್ಬರೂ ಕೇಳುವುದಿಲ್ಲ.

ಗುಬ್ಬಚ್ಚಿಯ ವಿಷಯದಲ್ಲಿ ಪರಿಸರದ ಕಾಳಜಿಯುಳ್ಳ ನಮ್ಮಂಥವರ ಪರೀಕ್ಷೆಯೇ ಆಯಿತು. ಮೊಬೈಲ್ ಟವರಿನ ವಿಕಿರಣದಿಂದ ಗುಬ್ಬಚ್ಚಿಗಳು ಅಳಿದುಹೋದವು ಎಂಬುದನ್ನು ಶಾಲೆಯ ಭಾಷಣ ಸ್ಪರ್ಧೆಯಿಂದ ಸಿನಿಮಾದವರೆಗೆ ಎಲ್ಲರೂ ಹೇಳಿದ್ದೇ ಹೇಳಿದ್ದು. ಹೇಳುವವರು ಸಜ್ಜನರು, ಉದ್ದೇಶ ಒಳ್ಳೆಯದು. ಹಾಗಾಗಿ ಆಧಾರ ಕೇಳುವುದು ಇನ್ನೂ ಕಷ್ಟ. ಅಷ್ಟರಲ್ಲಿ ದೇಶದ ಸಾವಿರಾರು ಹಕ್ಕಿಪ್ರಿಯರು ತಮ್ಮ ಪಾಡಿಗೆ, ಕಂಡ ಹಕ್ಕಿಯನ್ನೂ ಹೊತ್ತನ್ನೂ ಜಾಗವನ್ನೂ ಈಬರ್ಡ್ ಎಂಬ ಜಾಲದಲ್ಲಿ ದಾಖಲಿಸುತ್ತ ಬಂದಿದ್ದರು. ಆ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿದ್ದು: ಗುಬ್ಬಚ್ಚಿ ದೇಶದ ಮಟ್ಟದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರು ಸೇರಿದಂತೆ ಮಹಾನಗರಗಳಲ್ಲಿ ಕಡಿಮೆಯಾಗುತ್ತಿದೆ, ಟವರುಗಳೇ ಕಾರಣ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. 2023ರ ವರದಿಯ ಹೊತ್ತಿಗೆ ಸುಮಾರು 30 ಸಾವಿರ ಮಂದಿಯ 3 ಕೋಟಿ ದಾಖಲೆಗಳು ಸೇರಿದ್ದವು, 942 ಜಾತಿಯ ಹಕ್ಕಿಗಳ ಲೆಕ್ಕ ಸಿಕ್ಕಿತ್ತು. ಗುಬ್ಬಚ್ಚಿಗಾಗಿ ಅಳುತ್ತಿದ್ದ ಹೊತ್ತಿನಲ್ಲಿ ಹುಲ್ಲುಗಾವಲಿನ ಎಷ್ಟೋ ಹಕ್ಕಿಗಳು ಕಣ್ಮರೆಯತ್ತ ಸಾಗಿದ್ದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.

ಆ ಬಳಗ ಕೆಲಸ ಮಾಡುವ ಬಗೆಯನ್ನು ನೋಡಿ. ಇಂಥ ಊರಲ್ಲಿ ಇಂಥ ತಿಂಗಳು ಕಾಣಬಾರದ ಹಕ್ಕಿಯನ್ನು ಯಾರಾದರೂ ಪಟ್ಟಿಗೆ ಸೇರಿಸಿದರೆ ಗಣಕವೇ ಗುರುತು ಹಾಕುತ್ತದೆ. ಸಂಬಳವಿಲ್ಲದ ಪರಿಶೀಲಕರೊಬ್ಬರು ಅವರಿಗೆ ಬರೆಯುತ್ತಾರೆ: ಒಳ್ಳೆಯ ದಾಖಲೆ, ಫೋಟೋ ಇದೆಯೇ? ರೆಕ್ಕೆಯ ಪಟ್ಟಿ ನೋಡಿದಿರಾ? ಇದನ್ನು ಹೋಲುವ ಇನ್ನೊಂದು ಹಕ್ಕಿಯಲ್ಲ ಎಂದು ಹೇಗೆ ತಿಳಿಯಿತು? ಇಪ್ಪತ್ತು ವರ್ಷದ ಅನುಭವಿಗೂ ಇದೇ ಪತ್ರ, ನಿನ್ನೆ ಸೇರಿದ ಹುಡುಗಿಗೂ ಇದೇ ಪತ್ರ. ಆಧಾರ ಸಿಗದಿದ್ದರೆ ದಾಖಲೆ ಅವರ ಖಾತೆಯಲ್ಲೇ ಉಳಿಯುತ್ತದೆ, ಸಾರ್ವಜನಿಕ ಲೆಕ್ಕಕ್ಕೆ ಸೇರುವುದಿಲ್ಲ, ಅಷ್ಟೆ. ಯಾರೂ ಬೈಸಿಕೊಳ್ಳುವುದಿಲ್ಲ, ಯಾರ ಅಮ್ಮನ ಫೋನೂ ಬರುವುದಿಲ್ಲ. ನ್ಯಾಷನಲ್ ಕಾಲೇಜಿನ ಸಭಾಂಗಣದಲ್ಲಿದ್ದ ರೂಢಿ ಇಲ್ಲಿ ತಂತ್ರಾಂಶದೊಳಗೇ ಕೂತಿದೆ.

ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಅವರದ್ದೂ ಇದೇ ಜಾತಿಯ ಕತೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರನ ಮೇಲೆ ಇಳಿಯಬೇಕಿದ್ದ ಇಸ್ರೋದ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಡಿದುಕೊಂಡಾಗ ದೇಶದ ಗುಂಪುಗಳೆಲ್ಲ ಕಣ್ಣೀರು, ಬೈಗಳು, ದೇಶಭಕ್ತಿಯಲ್ಲಿ ಮುಳುಗಿದ್ದವು. ನಾಸಾದ ಚಂದ್ರಕಕ್ಷೆಯ ನೌಕೆ ತೆಗೆದ ಚಿತ್ರಗಳು ಯಾರಿಗೆ ಬೇಕಾದರೂ ಸಿಗುವಂತಿದ್ದವು. ವೃತ್ತಿಯಲ್ಲಿ ಎಂಜಿನಿಯರ್ ಆದ ಅವರು ಮನೆಯಲ್ಲಿ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಗಟ್ಟಲೆ ಹೋಲಿಸಿ, ಮೊದಲಿಲ್ಲದ ಒಂದೇ ಒಂದು ಬಿಳಿ ಚುಕ್ಕೆ ಹುಡುಕಿ ನಾಸಾಕ್ಕೆ ಬರೆದರು. ನಾಸಾ ತಕ್ಷಣ ಹೂಂ ಎನ್ನಲಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಬೆಳಕು ಚೆನ್ನಾಗಿದ್ದಾಗ ಮತ್ತೆ ಚಿತ್ರ ತೆಗೆದು ನೋಡಿತು. ಡಿಸೆಂಬರಿನಲ್ಲಿ ಅದು ವಿಕ್ರಮನದೇ ಅವಶೇಷ, ಮುಖ್ಯ ಜಾಗದಿಂದ 750 ಮೀಟರ್ ವಾಯವ್ಯಕ್ಕೆ ಬಿದ್ದದ್ದು ಎಂದು ಅವರ ಹೆಸರು ಹೇಳಿ ಪ್ರಕಟಿಸಿತು. ತನ್ನ ಕಕ್ಷಾನೌಕೆ ಅದಕ್ಕೂ ಮೊದಲೇ ಲ್ಯಾಂಡರ್ ಇರುವ ಜಾಗವನ್ನು ಗುರುತಿಸಿತ್ತು ಎಂದು ಇಸ್ರೋ ಹೇಳಿತು. ಇರಬಹುದು. ಚಿತ್ರವನ್ನು ಸಾರ್ವಜನಿಕರ ಮುಂದೆ ಇಟ್ಟವರು ಯಾರು ಎಂಬುದೂ ಒಂದು ಪ್ರಶ್ನೆ. ಸ್ವತಂತ್ರವಾಗಿ ಯೋಚಿಸಿ ಎಂದು ಜನಕ್ಕೆ ಉಪದೇಶ ಮಾಡುವ ಸಂಸ್ಥೆಗಳು ಯೋಚಿಸಲು ಬೇಕಾದ ದತ್ತಾಂಶವನ್ನು ಕೈಗೆ ಕೊಟ್ಟಿರಬೇಕು.

ಸರ್ಕಾರಗಳ ದಾರಿ ಬೇರೆ. ಕರ್ನಾಟಕ 2017ರಲ್ಲಿ ಅಮಾನುಷ ಆಚರಣೆಗಳ ವಿರುದ್ಧ ಕಾನೂನು ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಮೈಗೆ ಹಾನಿ ಮಾಡುವ ಆಚರಣೆ ತಡೆಯಲು ಕಾನೂನು ಬೇಕೇ ಬೇಕು. ಆದರೆ ಯಾವುದು ಸತ್ಯ ಎಂದು ಇಲಾಖೆಯೇ ಮೊಹರು ಒತ್ತುವ ಆಸೆ ಬೇರೆಯದು. ಕೇಂದ್ರದ ಅಂಥ ಸತ್ಯಶೋಧನಾ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. 2025ರಲ್ಲಿ ಹೊರಬಿದ್ದ ನಮ್ಮ ರಾಜ್ಯದ ಸುಳ್ಳುಸುದ್ದಿ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲಿನ ಮಾತಿತ್ತು. ದೊಡ್ಡಪ್ಪನನ್ನು ಜೈಲಿಗೆ ಹಾಕಿ ಕಷಾಯದ ಸುಳ್ಳನ್ನು ಬಿಡಿಸುವುದು ಆಗುವ ಹೋಗುವ ಮಾತಲ್ಲ. 1976ರಲ್ಲಿ ಒಂದು ಸಮಿತಿ ಹೇಗೆ ಹುಟ್ಟಿತು, 1977ರಲ್ಲಿ ಹೇಗೆ ಸತ್ತಿತು ಎಂದು ಕಂಡವರು ಅಧಿಕಾರದ ಕೈಗೆ ಈ ಕೆಲಸ ಒಪ್ಪಿಸಲಾರರು.

ಮೂವತ್ತು ವರ್ಷದ ಕೊನೆಯಲ್ಲಿ ಬಂದು ಕೂತಿರುವ ಹೊಸ ಬಾಬ್ತು ಕೃತಕ ಬುದ್ಧಿಮತ್ತೆ. ಒಂದು ಸಣ್ಣ ವಿಷಯವನ್ನು ಯಾರೂ ಗಮನಿಸಿದಂತಿಲ್ಲ. ಮೋಸದ ಸಂದೇಶಗಳನ್ನು ಇಷ್ಟು ವರ್ಷ ನಮ್ಮಲ್ಲಿ ಅನೇಕರು ಗುರುತಿಸುತ್ತಿದ್ದದ್ದು ಅದರ ಕೆಟ್ಟ ಕನ್ನಡದಿಂದ: ಒತ್ತಕ್ಷರ ತಪ್ಪಿದ್ದು, ವಾಕ್ಯ ಅಡ್ಡಾದಿಡ್ಡಿ ಇದ್ದದ್ದು, ಎಲ್ಲಿಂದಲೋ ತರ್ಜುಮೆಯಾಗಿ ಬಂದಂತಿದ್ದದ್ದು. ಈಗ ಯಂತ್ರ ಬರೆಯುವ ಕನ್ನಡ ತಪ್ಪಿಲ್ಲದೆ, ಗೌರವದ ಬಹುವಚನದೊಡನೆ ಬರುತ್ತದೆ. ಅಕ್ಷರಕ್ಕಾಗಿ ಹೋರಾಡಿದ ಹದಿನೈದು ವರ್ಷದ ಫಲ ಮೋಸಗಾರರಿಗೂ ಸಿಕ್ಕಿತು. 2023ರ ನವೆಂಬರಿನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ವಿಡಿಯೋ ಬಂತು. ಮರುತಿಂಗಳೇ, ತಮ್ಮ ಹೆಸರಲ್ಲಿ ಹಣ ಹೂಡಲು ಹೇಳುವ ವಿಡಿಯೋಗಳು ನಕಲಿ ಎಂದು ಎನ್.ಆರ್. ನಾರಾಯಣಮೂರ್ತಿಯವರು ಎಚ್ಚರಿಸಬೇಕಾಯಿತು. ಕಣ್ಣಾರೆ ಕಂಡದ್ದು ಎಂಬ ಮಾತಿಗೆ 1995ರಲ್ಲಿದ್ದ ತೂಕವೂ ಈಗಿಲ್ಲ.

ಡಿಜಿಟಲ್ ಅರೆಸ್ಟ್ ಎಂಬ ಹೆಸರಿನ ವಂಚನೆಯಲ್ಲಿ ಬೆಂಗಳೂರಿನ ನಿವೃತ್ತರು, ಟೆಕ್ಕಿಗಳು, ಓದಿ ಬಲ್ಲವರು ಕೋಟಿಗಟ್ಟಲೆ ಕಳೆದುಕೊಂಡರು. ನಮ್ಮ ಕಾನೂನಿನಲ್ಲಿ ಹಾಗೊಂದು ಬಂಧನವೇ ಇಲ್ಲ. ವಂಚಕರು ಹಾಕುವ ಮೊದಲ ಷರತ್ತು ಏನೆಂದು ಗಮನಿಸಿ: ವಿಡಿಯೋ ಕರೆ ಕಟ್ ಮಾಡಬೇಡಿ, ಬಾಗಿಲು ಹಾಕಿಕೊಳ್ಳಿ, ಮನೆಯವರಿಗೂ ಹೇಳಬೇಡಿ. ಇನ್ನೊಬ್ಬರನ್ನು ಕೇಳಿದ ಕ್ಷಣವೇ ಆಟ ಮುಗಿಯುತ್ತದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಣ ಉಳಿದ ಪ್ರಕರಣಗಳಲ್ಲಿ ಕೆಲವು ಉಳಿದದ್ದು ಠೇವಣಿ ಮುರಿಸಲು ಬಂದವರ ಮುಖ ನೋಡಿ ಬ್ಯಾಂಕಿನ ಕೌಂಟರಿನಲ್ಲಿದ್ದವರು ಯಾಕೆ, ಏನು, ಯಾರು ಹೇಳಿದ್ದು ಎಂದು ಬಿಡದೆ ಕೇಳಿದ್ದಕ್ಕೆ.

ಈ ಪತ್ರಿಕೆಯ ಕಡೆಯಿಂದ ಮಾಡಬಹುದಾದದ್ದು ಚಿಕ್ಕದು. ಮುಂದಿನ ಸಂಚಿಕೆಯಿಂದ ವಿಜ್ಞಾನದ ಪ್ರತಿ ಬರಹದ ಕೆಳಗೆ, ಇದು ಗೊತ್ತಾದದ್ದು ಹೇಗೆ ಎಂಬ ನಾಲ್ಕು ಸಾಲು ಇರುತ್ತದೆ. ಲೇಖಕರು ಬರೆಯದಿದ್ದರೆ ಬರಹ ಹಿಂದಕ್ಕೆ ಹೋಗುತ್ತದೆ. ಓದುಗರ ಪ್ರಶ್ನೆಗೆ ಲೇಖಕರ ಉತ್ತರ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರುತ್ತದೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಶಾಲೆಯ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ: ಮಕ್ಕಳಿಂದ ಒನಕೆಯನ್ನು ಆಗಸ್ಟ್ 1ರಂದೂ ನಿಲ್ಲಿಸಿ, 2ರಂದೂ ನಿಲ್ಲಿಸಿ, 3ರಂದೂ ನಿಲ್ಲಿಸಿ. ಎಷ್ಟು ಸಲ ನಿಂತಿತು, ಎಷ್ಟು ಸಲ ಬಿತ್ತು ಎಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿ. ಗ್ರಹಣದ ದಿನವೇ ಜಾಸ್ತಿ ನಿಂತಿದ್ದರೆ ಅದನ್ನೂ ಹಾಗೆಯೇ ಬರೆಯಿರಿ, ಪ್ರಕಟಿಸುತ್ತೇವೆ.